ಅಕ್ಕೋರನ್ನ ಕೇಳಿ: ಹರಿದ ಕೊಡೆಯ ಬಾವಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾವಲಿಯ ಬಗ್ಗೆಯೇ. ಅಕ್ಟೋಬರ್ 31ರ ಹ್ಯಾಲೋವೀನ್ ಈಗ ನಮ್ಮ ಕಡೆಯ ಅಪಾರ್ಟ್‌ಮೆಂಟಿಗೂ ಶಾಲೆಗೂ ಬಂದಿದೆ. ಅದಕ್ಕೆ ಮಕ್ಕಳ ಜೊತೆ ಕೂತು ಬಾವಲಿ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಮಾಡಬೇಕೋ ಬೇಡವೋ ಎಂದು ಕೇಳಿದವರೂ ಇದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಬರೆದಿದ್ದೇನೆ.

ಅಕ್ಕೋರೇ, ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಸೇರಿ ಹ್ಯಾಲೋವೀನ್ ಮಾಡುತ್ತಾರೆ. ಅಲಂಕಾರದಲ್ಲಿ ಬಾವಲಿ ನಮ್ಮ ಮನೆ ಪಾಲಿಗೆ ಬಂದಿದೆ. ಏಳು ವರ್ಷದ ಮಗಳ ಜೊತೆ ಕೂತು ಕಪ್ಪು ಕಾಗದದಲ್ಲಿ ಕತ್ತರಿಸಿ ಬಾಲ್ಕನಿಗೆ ಕಟ್ಟಿ ನೋಡಿದೆ. ಸಮುದ್ರದ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಜೋತು ಬಿತ್ತು. ಅಂಗಡಿಯ ಪ್ಲಾಸ್ಟಿಕ್ ಬಾವಲಿ ತರಲು ಮನಸ್ಸಿಲ್ಲ. ಏನು ಮಾಡಲಿ?
— ಗೃಹಿಣಿ, ಕೋಡಿಬಾಗ, ಕಾರವಾರ

ಹೊರಗೆ ಕಟ್ಟುವುದಕ್ಕೆ ಕಾಗದ ಬೇಡ. ಅಕ್ಟೋಬರ್ ಕೊನೆಯಲ್ಲೂ ನಮ್ಮ ಕರಾವಳಿಯ ಗಾಳಿ ಒಣಗಿರುವುದಿಲ್ಲ. ಸಂಜೆ ಗುಡುಗು ಮಳೆಯೂ ಬರುತ್ತದೆ. ಆದರೆ ಮಳೆಗಾಲ ಮುಗಿದ ಮೇಲೆ ನಮ್ಮ ಜಿಲ್ಲೆಯ ಎಲ್ಲ ಮನೆಯ ಮೂಲೆಯಲ್ಲೂ ಒಂದು ವಸ್ತು ಇದ್ದೇ ಇರುತ್ತದೆ, ಅಲ್ವಾ? ಕಡ್ಡಿ ಮುರಿದ ಕಪ್ಪು ಕೊಡೆ. ಅದನ್ನು ಹೊರಗೆ ತೆಗೆಯಿರಿ.

ಬಾವಲಿಯ ರೆಕ್ಕೆಯೂ ಕೊಡೆಯ ಹಾಗೇ ಇರುವುದು. ತೆಳ್ಳನೆಯ ಚರ್ಮ, ಅದನ್ನು ಬಿಡಿಸಿ ಹಿಡಿಯುವ ಕಡ್ಡಿಗಳು. ಆ ಕಡ್ಡಿಗಳು ಬಾವಲಿಯ ಬೆರಳುಗಳು. ಮಗಳಿಗೆ ಇದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಒಂದು ಹಳೆ ಪೇಪರ್ ಹಾಸಿ. ಅದರ ಮೇಲೆ ಮಗಳ ಎರಡೂ ಕೈ ಅಗಲಿಸಿ ಇಡಿಸಿ. ಹೆಬ್ಬೆರಳು ಮೇಲಕ್ಕೆ, ಉಳಿದ ನಾಲ್ಕು ಬೆರಳು ಹೊರಕ್ಕೆ. ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆಯಿರಿ. ಕೈ ತೆಗೆದ ಮೇಲೆ ಆ ನಾಲ್ಕು ಬೆರಳುಗಳನ್ನು ತುಂಬಾ ಉದ್ದ ಮಾಡಲು ಹೇಳಿ. ಹೆಬ್ಬೆರಳು ಇದ್ದಷ್ಟೇ ಇರಲಿ. ಆಮೇಲೆ ಒಂದು ಬೆರಳ ತುದಿಯಿಂದ ಇನ್ನೊಂದರ ತುದಿಗೆ ಒಳಕ್ಕೆ ಬಾಗಿದ ಗೆರೆ ಎಳೆಸಿ. ರೆಕ್ಕೆ ಬಂತು.

ಚಿತ್ರದ ಬಾವಲಿಗಳಿಗೆ ರೆಕ್ಕೆಯ ಕೆಳಗೆ ಚೂಪು ಚೂಪು ಅಂಚು ಇರುತ್ತದಲ್ಲ, ಅದು ಸುಮ್ನೆ ಅಂದಕ್ಕೆ ಬರೆದದ್ದಲ್ಲ. ಅಲ್ಲಿ ಬೆರಳಿನ ತುದಿ ಇದೆ. ರೆಕ್ಕೆಯ ಮೇಲಂಚಿನಲ್ಲಿ ಕಾಣುವ ಸಣ್ಣ ಕೊಕ್ಕೆ ಹೆಬ್ಬೆರಳಿನ ಉಗುರು. ಹಣ್ಣು ತಿನ್ನುವ ದೊಡ್ಡ ಬಾವಲಿ ಅದರಿಂದಲೇ ಕೊಂಬೆ ಹಿಡಿದು ಹತ್ತುತ್ತದೆ. ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದಾಗ ಬಾವಲಿ ಬರೆಯಿರಿ ಅಂದರೆ ಹೆಚ್ಚಿನ ಮಕ್ಕಳು ಹಕ್ಕಿ ಬರೆದು ಕಪ್ಪು ಬಳಿಯುತ್ತಿದ್ದರು. ತನ್ನ ಕೈಯ ಗೆರೆಯಿಂದಲೇ ರೆಕ್ಕೆ ಬಂದದ್ದನ್ನು ಕಂಡ ಮಗು ಮತ್ತೆ ಹಾಗೆ ಬರೆಯುವುದಿಲ್ಲ.

ಈಗ ಕೊಡೆ. ಬಟ್ಟೆಯನ್ನು ಕಡ್ಡಿಗಳ ತುದಿಗೆ ಹೊಲಿದಿರುತ್ತಾರೆ. ಕಡ್ಡಿಯ ನಡುವೆಯೂ ಒಂದೊಂದು ದಾರದ ಗಂಟು ಇರುತ್ತದೆ. ಇವನ್ನು ನೀವೇ ಬಿಚ್ಚಿ, ಮಗಳ ಕೈಗೆ ಕೊಡಬೇಡಿ. ತುಕ್ಕು ಹಿಡಿದ ಕಡ್ಡಿ ಚುಚ್ಚಿದರೆ ಟಿಟಿ ಇಂಜೆಕ್ಷನ್ನಿಗೆ ಓಡಬೇಕಾಗುತ್ತದೆ. ಮೇಲಿನ ಟೊಪ್ಪಿ ತೆಗೆದರೆ ಬಟ್ಟೆ ಇಡಿಯಾಗಿ ಕೈಗೆ ಬರುತ್ತದೆ. ಸಾಮಾನ್ಯ ಕೊಡೆಗೆ ಎಂಟು ತುಂಡು ಬಟ್ಟೆ ಸೇರಿಸಿರುತ್ತಾರೆ. ಹೊಲಿಗೆಯ ಗೆರೆ ಹಿಡಿದು ಸರಿಯಾಗಿ ಅರ್ಧಕ್ಕೆ ಕತ್ತರಿಸಿ. ಒಂದು ಕೊಡೆಯಲ್ಲಿ ಎರಡು ಬಾವಲಿ ಆಗುತ್ತದೆ. ನೇರ ಅಂಚು ಮೇಲಕ್ಕೆ, ಚೂಪು ಚೂಪಾದ ಅಂಚು ಕೆಳಕ್ಕೆ. ನಡುವೆ ಕೋಲು ತೂರುತ್ತಿದ್ದ ಜಾಗದಲ್ಲಿ ಅರ್ಧ ತೂತು ಉಳಿಯುತ್ತದೆ. ಕುತ್ತಿಗೆ ಅಲ್ಲಿಗೇ ಬರಲಿ.

ನೇರ ಅಂಚನ್ನು ಎರಡು ಬೆರಳಷ್ಟು ಮಡಚಿ ಹೊಲಿಯಿರಿ. ಅದರೊಳಗೆ ತೆಳುವಾಗಿ ಸೀಳಿದ ಬಿದಿರಿನ ಕಡ್ಡಿ ತೂರಿಸಿ. ಕೆಳಗಿನ ಹೊಲಿಗೆಗಳ ಮೇಲೆ ತೆಂಗಿನ ಗರಿಯ ಕಡ್ಡಿಗಳನ್ನು ಅಲ್ಲಲ್ಲಿ ದಾರದಿಂದ ಕಟ್ಟಿದರೆ ಬೆರಳುಗಳಾದವು. ಕೊಡೆಯ ಅಗಲ ಹೆಚ್ಚು ಕಡಿಮೆ ಒಂದು ಮೀಟರ್ ಇರುತ್ತದೆ. ನಮ್ಮ ದೊಡ್ಡ ಹಣ್ಣು ಬಾವಲಿ ರೆಕ್ಕೆ ಚಾಚಿದರೆ 1.2 ಮೀಟರ್ ದಾಟಬಹುದು. ಅಂದರೆ ನೀವು ಮಾಡಿದ್ದು ನಿಜವಾದ ಬಾವಲಿಗಿಂತ ಸ್ವಲ್ಪ ಚಿಕ್ಕದು. ಇದನ್ನು ಮಗಳಿಗೆ ಹೇಳಿ, ಕಣ್ಣರಳಿಸುತ್ತಾಳೆ.

ತಲೆಗೆ ಹಳೆ ಕಾಲುಚೀಲದ ತುದಿಯಲ್ಲಿ ಚಿಂದಿ ತುಂಬಿ ಕಟ್ಟಿ. ಮೂತಿ ಉದ್ದ ಇರಲಿ, ನಾಯಿಮರಿಯ ಮುಖದ ಥರ. ಕಿವಿ ಸಣ್ಣದಾಗಿ ಚೂಪಾಗಿರಲಿ. ಕಣ್ಣಿಗೆ ದೊಡ್ಡ ಕಂದು ಗುಂಡಿ ಹೊಲಿಯಿರಿ. ಇನ್ನೊಂದು ಮಾತು. ಬಾವಲಿ ಅಂದರೆ ಪೂರ್ತಿ ಕಪ್ಪು ಅಂದುಕೊಳ್ಳುತ್ತೇವೆ. ಈ ದೊಡ್ಡ ಬಾವಲಿಗೆ ರೆಕ್ಕೆ ಮಾತ್ರ ಕಪ್ಪು. ಕುತ್ತಿಗೆಯ ಸುತ್ತ, ಹೆಗಲ ಮೇಲೆ ಹೊನ್ನಿನ ಬಣ್ಣದ ತುಪ್ಪಳ. ಅದಕ್ಕೆ ತೆಂಗಿನಕಾಯಿ ಸಿಪ್ಪೆಯ ನಾರನ್ನು ಚೆನ್ನಾಗಿ ಬಿಡಿಸಿ ಫೆವಿಕಾಲ್ ಹಾಕಿ ಅಂಟಿಸಿ. ಬಣ್ಣ ಕೊಳ್ಳುವುದೇ ಬೇಡ, ನಾರಿನ ಬಣ್ಣವೇ ಸರಿಯಾಗಿ ಕೂರುತ್ತದೆ. ಈ ಕೆಲಸ ಪೂರ್ತಿ ಮಗಳಿಗೇ ಬಿಡಿ.

ಕಟ್ಟುವ ಮೊದಲು ಒಂದು ಸಂಜೆ ಅವಳನ್ನು ಹೊರಗೆ ಕರೆದುಕೊಂಡು ಹೋಗಿ. ಅಕ್ಟೋಬರ್ ಕೊನೆಗೆ ಕಾರವಾರದಲ್ಲಿ ಆರು ಗಂಟೆ ಕಳೆಯುತ್ತಿದ್ದ ಹಾಗೆ ಸೂರ್ಯ ಮುಳುಗುತ್ತಾನೆ. ಅಲ್ಲಿಂದ ಅರ್ಧ ಗಂಟೆ ಆಕಾಶ ನೋಡುತ್ತ ನಿಂತರೆ ಸಾಕು. ದೊಡ್ಡ ಬಾವಲಿ ನಿಧಾನವಾಗಿ ರೆಕ್ಕೆ ಬಡಿಯುತ್ತ ನೇರ ಹೋಗುತ್ತದೆ. ಹುಳ ತಿನ್ನುವ ಸಣ್ಣವು ಬೀದಿ ದೀಪದ ಸುತ್ತ ಗಿರಕಿ ಹೊಡೆಯುತ್ತವೆ. ಅದನ್ನು ನೋಡಿ ಬಂದ ಮೇಲೆ ಬಾವಲಿಯನ್ನು ಹೇಗೆ ಕಟ್ಟಬೇಕು ಎಂದು ಅವಳೇ ಹೇಳುತ್ತಾಳೆ.

ನಮ್ಮದು ಕೂಡು ಕುಟುಂಬ. ಮಕ್ಕಳು ಶಾಲೆಯಲ್ಲಿ ಕಲಿತು ಬಂದು ಬಾಗಿಲಿಗೆ ಬಾವಲಿ ಕಟ್ಟುತ್ತೇವೆ ಅನ್ನುತ್ತಾರೆ. ಅತ್ತೆಯವರು "ದೊಡ್ಡಹಬ್ಬದ (ದೀಪಾವಳಿಯ) ಹೊತ್ತಲ್ಲಿ ಬಾಗಿಲಿಗೆ ಬಾವಲಿಯಾ? ಅಪಶಕುನ" ಎಂದು ಬೇಸರ ಮಾಡಿಕೊಂಡಿದ್ದಾರೆ. ಮಕ್ಕಳು ಅಳುತ್ತಿದ್ದಾರೆ. ನಾನು ಯಾರಿಗೆ ಹೇಳಲಿ?
— ಶಿರಸಿ ತಾಲೂಕಿನ ಓದುಗರು

ತಂಗಿ, ಬಾಗಿಲಿನ ವಿಷಯದಲ್ಲಿ ಅತ್ತೆಯವರ ಮಾತು ನಡೆಯಲಿ. ತೋರಣ ಕಟ್ಟುವ ಜಾಗ ಅದು, ರಂಗೋಲಿ ಹಾಕುವ ಜಾಗ. ಅಲ್ಲಿ ಏನಿರಬೇಕು ಅನ್ನುವುದು ಆ ಮನೆಯ ಹಿರಿಯರಿಗೆ ಬಿಟ್ಟದ್ದು. ತುಳಸಿಕಟ್ಟೆಯ ಹತ್ತಿರವೂ ಬೇಡ. ಮಕ್ಕಳಿಗೆ ಮೆತ್ತಿನ, ಅಂದರೆ ಮಾಳಿಗೆಯ ಕಿಟಕಿ ಕೊಡಿ. ಇಲ್ಲವೇ ಅಡಿಕೆ ಸುಲಿಯುವ ಚಪ್ಪರದ ಒಂದು ಮೂಲೆ ಕೊಡಿ. ಬಾವಲಿ ಕತ್ತಲೆ ಮೂಲೆಯಲ್ಲೇ ಇರುವುದು ಅಂದರೆ ಅವರೂ ಒಪ್ಪುತ್ತಾರೆ.

ಆದರೆ ಅಪಶಕುನ ಅನ್ನುವ ಮಾತನ್ನು ಮಕ್ಕಳ ಕಿವಿಗೆ ಹಾಗೇ ಬಿಡಬೇಡಿ. ಅತ್ತೆಯವರನ್ನೇ ಮಕ್ಕಳ ಜೊತೆ ಕೂರಿಸಿ, ತೋಟದಲ್ಲಿ ಬಾವಲಿ ಏನು ಮಾಡುತ್ತದೆ ಎಂದು ಕೇಳಿ. ಹಣ್ಣಡಿಕೆಯ ಸಿಪ್ಪೆಯ ಸಿಹಿಯನ್ನು ಬಾವಲಿ ಚೀಪಿ, ಅಡಿಕೆಯನ್ನು ಕೆಳಗೆ ಬೀಳಿಸಿ ಹೋಗುತ್ತದೆ. ಬೆಳಿಗ್ಗೆ ಎದ್ದು ಅದನ್ನು ಹೆಕ್ಕಿ ತಂದವರು ಅವರೇ ಇದ್ದಾರು. ಯಾವ ಮರದ ಬುಡದಲ್ಲಿ ಜಾಸ್ತಿ ಸಿಗುತ್ತಿತ್ತು ಅನ್ನುವುದೂ ಅವರಿಗೆ ನೆನಪಿರುತ್ತದೆ. ಆ ಕತೆಯನ್ನು ಮೊಮ್ಮಕ್ಕಳಿಗೆ ಅಜ್ಜಿಯ ಬಾಯಿಂದಲೇ ಕೇಳಿಸಿ.

ಹ್ಯಾಲೋವೀನ್ ನಮ್ಮ ಹಬ್ಬ ಅಲ್ಲ, ನಿಜ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಆಚರಣೆ ಅದು. ಚಳಿಗಾಲ ಶುರುವಾಗುವ ಹೊತ್ತಿನಲ್ಲಿ ಸತ್ತವರ ಆತ್ಮ ಓಡಾಡುತ್ತದೆ ಎಂದು ಅವರು ನಂಬಿದ್ದರು. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಹೋದವರು ಅಲ್ಲಿ ಸಿಕ್ಕ ಕುಂಬಳಕಾಯಿಯಲ್ಲಿ ಮಾಡಿದರು. 2024ರಲ್ಲಿ ನಮ್ಮ ನರಕ ಚತುರ್ದಶಿಯೂ ಅಕ್ಟೋಬರ್ 31ಕ್ಕೇ ಬಂದಿತ್ತು. ಕಾರವಾರದ ಕಡೆ ಮಕ್ಕಳು ಹುಲ್ಲು, ಕಾಗದ, ಹಳೆ ಬಟ್ಟೆ ಸೇರಿಸಿ ನರಕಾಸುರನನ್ನು ಮಾಡಿ ಬೆಳಗಾಗುವ ಮೊದಲು ಸುಡುತ್ತಾರೆ. ಭಯ ಹುಟ್ಟಿಸುವ ಒಂದು ಆಕಾರವನ್ನು ಮಕ್ಕಳು ತಮ್ಮ ಕೈಯಾರೆ ಮಾಡುವುದು ನಮ್ಮಲ್ಲೂ ಇದೆ. ಅತ್ತೆಯವರಿಗೆ ಇದನ್ನು ಹೇಳಿ ನೋಡಿ. ಹಬ್ಬದ ದಿನ ಮಾತ್ರ ಬಾವಲಿ ಒಳಗಿರಲಿ, ಗೋಪೂಜೆ ಆದ ಮೇಲೆ ಮತ್ತೆ ಹೊರಗೆ ಬರಲಿ.

ಅಡಿಕೆ ಹಾಳೆಯಲ್ಲಿ ಬಾವಲಿ ಮಾಡಲು ಹೋದೆವು. ಕತ್ತರಿಸುವಾಗ ಸೀಳುತ್ತದೆ. ಒಣಗಿದ ಮೇಲೆ ಸುರುಳಿ ಸುತ್ತುತ್ತದೆ. ಉಪಾಯ ಇದೆಯೇ?
— ಅಂಗನವಾಡಿ ಕಾರ್ಯಕರ್ತೆ, ಸಿದ್ದಾಪುರ

ಹಾಳೆಯ ನಾರು ಉದ್ದಕ್ಕೆ ಓಡುತ್ತದೆ. ನಾರಿನ ದಾರಿಯಲ್ಲೇ ರೆಕ್ಕೆಯ ಉದ್ದ ಬರುವಂತೆ ಇಟ್ಟುಕೊಳ್ಳಿ. ಆಗ ನಾರಿನ ಗೆರೆಗಳೇ ಬೆರಳಿನ ಹಾಗೆ ಕಾಣುತ್ತವೆ. ಒಣ ಹಾಳೆಗೆ ಕತ್ತರಿ ಹಾಕಿದರೆ ಸೀಳದೇ ಇರುವುದಿಲ್ಲ. ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಮೆತ್ತಗಾದ ಮೇಲೆ ಕತ್ತರಿಸಿ. ಕಪ್ಪು ಚುಕ್ಕೆ ಬಿದ್ದು ಬೂಸಲು ಹಿಡಿದ ಹಾಳೆ ಬೇಡ, ಮಕ್ಕಳಿಗೆ ಕೆಮ್ಮು ಬರುತ್ತದೆ.

ಕತ್ತರಿಸಿದ ಮೇಲೆ ಎರಡು ಹಲಗೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರಿ ಒಣಗಿಸಿದರೆ ಚಪ್ಪಟೆಯಾಗಿ ಉಳಿಯುತ್ತದೆ. ಆದರೆ ಎಲ್ಲವನ್ನೂ ಚಪ್ಪಟೆ ಮಾಡಬೇಡಿ ಅನ್ನುತ್ತೇನೆ. ಕೆಲವನ್ನು ಸುರುಳಿಯಾಗಲು ಬಿಡಿ. ಹಗಲು ಮರದಲ್ಲಿ ನೇತಾಡುವ ಬಾವಲಿ ರೆಕ್ಕೆಯನ್ನು ಮೈಗೆ ಸುತ್ತಿಕೊಂಡೇ ಇರುತ್ತದೆ. ಮೈಗೆ ಒಂದು ಸಿಪ್ಪೆಗೋಟು, ಅಂದರೆ ಸಿಪ್ಪೆ ಸಮೇತ ಒಣಗಿದ ಅಡಿಕೆ ತೆಗೆದುಕೊಳ್ಳಿ. ಬಣ್ಣ, ಆಕಾರ, ಮೇಲಿನ ನಾರು ಎಲ್ಲ ಸರಿಹೊಂದುತ್ತದೆ. ಅದಕ್ಕೆ ಎರಡು ಹಾಳೆ ರೆಕ್ಕೆ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿ, ತಲೆಕೆಳಗಾಗಿ ತೂಗು ಹಾಕಿ. ಕಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ ಎರಡು ಸಾಕು. ಬಾವಲಿಯ ಕಾಲೂ ಕ್ಲಿಪ್ಪಿನ ಹಾಗೇ ತಾನಾಗಿ ಹಿಡಿದುಕೊಳ್ಳುತ್ತದೆ. ಮೈಯ ಭಾರಕ್ಕೆ ಕಾಲಿನ ನರ ಎಳೆದು ಬೆರಳು ಬಿಗಿಯುತ್ತದೆ. ಅದಕ್ಕೇ ನಿದ್ದೆ ಬಂದರೂ ಬೀಳುವುದಿಲ್ಲ. ಅಂಗನವಾಡಿಯ ಮಕ್ಕಳಿಗೆ ಇದನ್ನು ಕ್ಲಿಪ್ ಹಿಡಿದು ತೋರಿಸಿ.

ಕಪ್ಪು ಬಣ್ಣಕ್ಕೆ ಇದ್ದಿಲನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಮೈದಾ ಅಂಟಿನಲ್ಲಿ ಕಲಸಿ. ಸೋಸುವ ಕೆಲಸ ದೊಡ್ಡವರದ್ದು, ಪುಡಿ ಹಾರುತ್ತದೆ. ಅಂಟಿಗೆ ಹುಳ ಬೀಳಬಾರದು ಎಂದು ಹಿಂದೆ ಮೈಲುತುತ್ತ ಹಾಕುವ ರೂಢಿ ಇತ್ತು. ಅಡಿಕೆಯ ಕೊಳೆ ರೋಗದ ಮದ್ದಿಗೆ ತಂದದ್ದು ಎಲ್ಲರ ಮನೆಯಲ್ಲೂ ಇರುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದು ವಿಷ, ಮಕ್ಕಳು ಬೆರಳು ಬಾಯಿಗೆ ಹಾಕುತ್ತಾರೆ. ಬೇಕಾದಷ್ಟೇ ಅಂಟು ಕುದಿಸಿ, ಅವತ್ತೇ ಮುಗಿಸಿ.

ನಾಲ್ಕು ವರ್ಷದ ಮಗನಿಗೆ ಕತ್ತರಿ ಕೊಡಬಹುದೇ?
— ಕುಮಟಾದ ತಂದೆ

ತುದಿ ಮೊಂಡಾದ ಮಕ್ಕಳ ಕತ್ತರಿ ಕೊಡಿ, ಹತ್ತಿರ ಕೂತಿರಿ. ಕಾಗದಕ್ಕೆ ಮಾತ್ರ. ಹಾಳೆ, ಕೊಡೆ ಬಟ್ಟೆ ಬೇಡ. ಕತ್ತರಿ ಹಿಡಿಯಲು ಬಾರದಿದ್ದರೆ ಕೈಯಲ್ಲೇ ಹರಿಯಲಿ. ಹರಿದ ಅಂಚಿನ ಬಾವಲಿಗೂ ಒಂದು ಚಂದ ಇದೆ. ಒಳಗೆ ಕಟ್ಟುವ ಕಾಗದದ ಬಾವಲಿಗೆ ಮೇಣದಬತ್ತಿಯನ್ನು ಎರಡೂ ಕಡೆ ಚೆನ್ನಾಗಿ ಉಜ್ಜಿಸಿ, ಬೇಗ ಮೆತ್ತಗಾಗುವುದಿಲ್ಲ. ಹಣತೆಯ ಹತ್ತಿರ ಮಾತ್ರ ಕಟ್ಟಬೇಡಿ. ಮೇಣ ಹಚ್ಚಿದ ಕಾಗದ ಬೇಗ ಹೊತ್ತಿಕೊಳ್ಳುತ್ತದೆ.

ಅಕ್ಕೋರೇ, ನಾನು ಐದನೇ ಕ್ಲಾಸು. ಬಾವಲಿ ರಕ್ತ ಕುಡಿಯುತ್ತದಾ? ಅದಕ್ಕೆ ಕಣ್ಣು ಕಾಣುವುದಿಲ್ಲ ಅಂತ ನನ್ನ ಗೆಳೆಯ ಹೇಳಿದ. ನನ್ನ ಬಾವಲಿಗೆ ಕೋರೆಹಲ್ಲು, ಕೆಂಪು ಕಣ್ಣು ಹಾಕಲಾ?
— ಯಲ್ಲಾಪುರದ ಹುಡುಗ

ಪುಟ್ಟಾ, ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ರಕ್ತ ಕುಡಿಯುವ ಬಾವಲಿ ಇರುವುದು ನಿಜ. ಆದರೆ ಪ್ರಪಂಚದಲ್ಲಿ ಅಂಥವು ಮೂರೇ ಜಾತಿ. ಮೂರೂ ಇರುವುದು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ನಾಡಿನಲ್ಲಿ. ನಮ್ಮ ದೇಶದಲ್ಲಿ ಒಂದೂ ಇಲ್ಲ. ನಿಮ್ಮೂರಿನ ಬಾವಲಿ ತಿನ್ನುವುದು ಹಣ್ಣು, ಇಲ್ಲವೇ ಸೊಳ್ಳೆ, ಪತಂಗ, ಗದ್ದೆಯ ಹುಳ.

ಕಣ್ಣು ಕಾಣದ ಬಾವಲಿಯೇ ಇಲ್ಲ. ದೊಡ್ಡ ಹಣ್ಣು ಬಾವಲಿ ಕಣ್ಣಿನಿಂದಲೇ ದಾರಿ ಹುಡುಕುತ್ತದೆ, ಮೂಗಿನಿಂದ ಹಣ್ಣು ಹುಡುಕುತ್ತದೆ. ಹುಳ ಹಿಡಿಯುವ ಸಣ್ಣವು ನಮಗೆ ಕೇಳಿಸದಷ್ಟು ಕೀಚಲು ದನಿ ಹೊರಡಿಸಿ, ಅದು ಬಡಿದು ವಾಪಸ್ ಬರುವುದನ್ನು ಕೇಳಿ ಹುಳ ಎಲ್ಲಿದೆ ಎಂದು ತಿಳಿಯುತ್ತವೆ. ಕೋರೆಹಲ್ಲು ಹಾಕು, ಬಾವಲಿಗೆ ಕೋರೆಹಲ್ಲು ಇದೆ. ಹಣ್ಣು ಕಚ್ಚಿ ಹಿಡಿಯಲು ಬೇಕಲ್ಲ! ರಕ್ತ ಸುರಿಸಬೇಡ. ಅದರ ಬದಲು ಬಾಯಲ್ಲಿ ಒಂದು ಪೇರಲೆ ಹಣ್ಣು ಮಾಡಿ ಇಡು. ಕಣ್ಣು ಯಾವ ಬಣ್ಣ ಅನ್ನುವುದು ನಿನ್ನ ಇಷ್ಟ. ನನ್ನನ್ನು ಕೇಳಿದರೆ ಕಂದು.

ನಮ್ಮ ಜಿಲ್ಲೆಯ ಗಡಿ ದಾಟಿದರೆ ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಎಂಬ ಗುಹೆ ಇದೆ. ಅಲ್ಲಿನ ಒಂದು ಬಾವಲಿಯನ್ನು ವಿಜ್ಞಾನಿಗಳು 1913ರಲ್ಲಿ ಮೊದಲ ಸಲ ಗುರುತಿಸಿದರು. ಅದರ ಕಿವಿ ಎಷ್ಟು ದೊಡ್ಡದೆಂದರೆ ಮುಖದ ಮೇಲೆ ಮುಂದಕ್ಕೆ ಬಾಗಿರುತ್ತದೆ. ತುಂಬಾ ವರ್ಷ ಆ ಗುಹೆ ಬಿಟ್ಟು ಬೇರೆಲ್ಲೂ ಅದು ಸಿಕ್ಕಿರಲಿಲ್ಲ. ದೊಡ್ಡ ಕಿವಿಯ ಬಾವಲಿ ಮಾಡುವ ಆಸೆ ಇದ್ದರೆ ಇದನ್ನೇ ಮಾಡು.

ಆನ್‌ಲೈನಿನಲ್ಲಿ ಕಿತ್ತಳೆ–ಕಪ್ಪು ಬಣ್ಣದ ನಿಜವಾದ ಬಾವಲಿಯನ್ನು ಒಣಗಿಸಿ ಗಾಜಿನ ಚೌಕಟ್ಟಿನಲ್ಲಿ ಹಾಕಿ ಮಾರುತ್ತಾರೆ. ಹ್ಯಾಲೋವೀನಿಗೆ ಚೆನ್ನಾಗಿದೆ ಅನ್ನಿಸಿತು. ತರಿಸಬಹುದೇ?
— ಕಾಲೇಜು ವಿದ್ಯಾರ್ಥಿನಿ, ಹೊನ್ನಾವರ

ಬೇಡಮ್ಮ. ಖಂಡಿತ ಬೇಡ. ಆ ಬಾವಲಿಯ ತೂಕ ಸುಮಾರು ಐದು ಗ್ರಾಂ, ಒಂದು ಚಮಚ ಸಕ್ಕರೆಯಷ್ಟು. ಬಾಳೆಯ ಒಣ ಎಲೆಯ ಒಳಗೆ ಹಗಲು ಮಲಗುತ್ತದೆ. ಅದರ ಬಣ್ಣ ಒಣ ಎಲೆಯ ನಡುವೆ ಕಾಣದ ಹಾಗಿರುತ್ತದೆ. ಭಾರತವೂ ಸೇರಿ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ದೇಶಗಳಲ್ಲಿ ಇದೆ. ಬಣ್ಣ ಹ್ಯಾಲೋವೀನಿಗೆ ಹೊಂದುತ್ತದೆ ಅನ್ನುವ ಒಂದೇ ಕಾರಣಕ್ಕೆ ಅದನ್ನು ಕಾಡಿನಿಂದ ಹಿಡಿದು ಕೊಂದು ಮಾರುತ್ತಾರೆ. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೋ ಎರಡೋ ಮರಿ ಹಾಕುವ ಪ್ರಾಣಿ. ಹೀಗೆ ಹಿಡಿಯುತ್ತ ಹೋದರೆ ಉಳಿಯುವುದಿಲ್ಲ. ಸಾಕಿದ ಬಾವಲಿ ಎಂದು ಬರೆದಿದ್ದರೂ ನಂಬಬೇಡಿ.

ಆ ಬಣ್ಣ ಇಷ್ಟವಾದರೆ ಒಣಗಿದ ಬಾಳೆ ಎಲೆಯಲ್ಲೇ ಮಾಡಿ. ಮೈಗೆ, ಬೆರಳಿನ ಗೆರೆಗಳಿಗೆ ಕಿತ್ತಳೆ ಬಣ್ಣ. ಬೆರಳುಗಳ ನಡುವಿನ ಜಾಗಕ್ಕೆ ಇದ್ದಿಲ ಕಪ್ಪು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮಾಡಿ. ಅಕ್ಟೋಬರ್ 24ರಿಂದ 31ರವರೆಗೆ ಬೇರೆ ಬೇರೆ ದೇಶಗಳಲ್ಲಿ ಬಾವಲಿ ಸಪ್ತಾಹ ಮಾಡುತ್ತಾರೆ. ನಿಮ್ಮ ಕಾಲೇಜಿನ ಗೋಡೆಗೆ ಈ ಎಲೆ ಬಾವಲಿಗಳನ್ನು ಅಂಟಿಸಿ, ಕೆಳಗೆ ಅದರ ವಿಷಯ ಬರೆಯಿರಿ.

ನಮ್ಮ ಅಂಗಳದ ಬಾದಾಮಿ ಮರಕ್ಕೆ ರಾತ್ರಿ ಬಾವಲಿಗಳು ಬರುತ್ತವೆ. ಮಕ್ಕಳು ಅದೇ ಮರಕ್ಕೆ ಬಾವಲಿ ಅಲಂಕಾರ ಕಟ್ಟಬೇಕು ಅನ್ನುತ್ತಾರೆ. ನಿಫಾ ವೈರಸ್ ರೋಗದ ಸುದ್ದಿ ಕೇಳಿದಂದಿನಿಂದ ನನಗೆ ಹೆದರಿಕೆ. ಮರ ಕಡಿಸಲೇ ಎಂದೂ ಯೋಚಿಸಿದ್ದೇನೆ.
— ನಿವೃತ್ತ ಬ್ಯಾಂಕ್ ನೌಕರರು, ಅಂಕೋಲಾ

ಸರ್, ಮರ ಕಡಿಸಬೇಡಿ. ನಿಮ್ಮ ಹೆದರಿಕೆಯಲ್ಲಿ ತಪ್ಪಿಲ್ಲ. 2018ರಲ್ಲಿ ಕೇರಳದ ಕೋಯಿಕ್ಕೋಡ್ ಕಡೆ ನಿಫಾ ಬಂದಾಗ ನಮ್ಮ ಕರಾವಳಿಯಲ್ಲೂ ಜನ ಹಣ್ಣು ತಿನ್ನಲು ಹಿಂಜರಿದರು. ಆ ವೈರಸ್ ಹಣ್ಣು ಬಾವಲಿಯ ಮೈಯಲ್ಲಿ ಇರಬಲ್ಲದು ಅನ್ನುವುದೂ ನಿಜ. ಹಾಗಾಗಿ ಮಾಡಬೇಕಾದದ್ದು ಇಷ್ಟು. ಕಚ್ಚಿದ ಗುರುತಿರುವ ಹಣ್ಣನ್ನು ಮಕ್ಕಳು ತಿನ್ನಬಾರದು. ಮರದ ಕೆಳಗೆ ಬಿದ್ದದ್ದನ್ನು ಪೊರಕೆಯಲ್ಲಿ ಗುಡಿಸಿ, ಕೈ ಸೋಪಿನಲ್ಲಿ ತೊಳೆಯಿರಿ. ಬಾವಿಗೆ ಬಲೆ ಹಾಸಿ. ಬಿದ್ದ ಬಾವಲಿಯನ್ನು, ಸತ್ತಿರಲಿ ಬದುಕಿರಲಿ, ಬರಿಗೈಯಲ್ಲಿ ಮುಟ್ಟಬಾರದು. ಅರಣ್ಯ ಇಲಾಖೆಗೆ ತಿಳಿಸಿ. ಆದರೆ ಬಾವಲಿಯನ್ನು ಓಡಿಸುವುದು, ಪಟಾಕಿ ಹೊಡೆಯುವುದು, ಮರ ಕಡಿಯುವುದು ಬೇಡ. ಗಾಬರಿಯಾದ ಬಾವಲಿ ಊರೆಲ್ಲ ಚದುರುತ್ತದೆ.

ನಿಮ್ಮ ಆ ಬಾದಾಮಿ ಮರವನ್ನು ನೆಟ್ಟವರು ಯಾರು ಎಂದು ನೆನಪಿದೆಯೇ? ಯಾರೂ ನೆಟ್ಟಿಲ್ಲದಿದ್ದರೆ ಬಾವಲಿಯೇ ಬೀಜ ತಂದಿರಬಹುದು. ಬಾದಾಮಿ, ಸುರಹೊನ್ನೆ, ಅತ್ತಿ, ಗೋಳಿ, ಇವುಗಳ ಬೀಜ ಹೊತ್ತು ಬಿತ್ತುವುದು ಬಾವಲಿಯ ದಿನನಿತ್ಯದ ಕೆಲಸ. ಹಿಂದೆ ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿಯನ್ನು ಇಲಿ, ಕಾಗೆಯ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು. ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ ಅದು.

ಅಲಂಕಾರವನ್ನು ಮಾತ್ರ ಆ ಮರಕ್ಕೆ ಕಟ್ಟಬೇಡಿ. ಅದು ಅವುಗಳ ಊಟದ ಜಾಗ. ನೈಲಾನ್ ದಾರ, ಮೀನಿನ ಬಲೆ, ಅಂಗಡಿಯಲ್ಲಿ ಸಿಗುವ ಹತ್ತಿಯ ಜೇಡರ ಬಲೆ, ಇವುಗಳಲ್ಲಿ ಬಾವಲಿಯೂ ಹಕ್ಕಿಯೂ ಸಿಕ್ಕಿಕೊಂಡು ರೆಕ್ಕೆ ಹರಿದುಕೊಳ್ಳುತ್ತವೆ. ಜಗಲಿಯ ಒಳಗೆ ಕಟ್ಟಿ, ದಪ್ಪ ಹತ್ತಿ ಹುರಿ ಬಳಸಿ. ಮರದ ಮೇಲೆ ಬಣ್ಣದ ಲೈಟಿನ ಸರವೂ ಬೇಡ. ಮಕ್ಕಳು ಜಗಲಿಯ ದೀಪ ಆರಿಸಿ ಕೂತರೆ ಅವರು ಮಾಡಿದ ಬಾವಲಿ ಹತ್ತಿರದಲ್ಲೂ, ಬಾದಾಮಿ ಮರದ ಬಾವಲಿ ದೂರದಲ್ಲೂ ಕಾಣುತ್ತವೆ.

ಹಬ್ಬ ಮುಗಿದ ಮೇಲೆ ಇವನ್ನೆಲ್ಲ ಏನು ಮಾಡುವುದು? ಮುಂದಿನ ವರ್ಷಕ್ಕೆ ಉಳಿಯ್ತವಾ?
— ಶಾಲಾ ಶಿಕ್ಷಕಿ, ಭಟ್ಕಳ

ಕೊಡೆಯ ಬಾವಲಿ ಉಳಿಯುತ್ತದೆ. ಬಿದಿರಿನ ಕಡ್ಡಿ ಎಳೆದು ತೆಗೆದು, ಬಟ್ಟೆಯನ್ನು ಒಗೆದು ಚೆನ್ನಾಗಿ ಒಣಗಿಸಿ ಸುತ್ತಿಡಿ. ತಲೆಯ ಚಿಂದಿ ಮಾತ್ರ ತೆಗೆಯಿರಿ, ತೇವಕ್ಕೆ ವಾಸನೆ ಬರುತ್ತದೆ. ಹಾಳೆ, ಬಾಳೆ ಎಲೆ, ಸಿಪ್ಪೆಗೋಟಿನವು ಮಳೆಗಾಲ ದಾಟುವುದಿಲ್ಲ, ಬೂಸಲು ಹಿಡಿಯುತ್ತವೆ. ಅವನ್ನು ಗೊಬ್ಬರಗುಂಡಿಗೆ ಹಾಕಿ. ಹಾಕುವ ಮೊದಲು ಕ್ಲಿಪ್, ಗುಂಡಿ, ತಂತಿ ಎಲ್ಲ ಬಿಚ್ಚಿಟ್ಟುಕೊಳ್ಳಿ.